ಏಳು ಸೀಟಿನ ಕಾರು: ಮಾಲೀಕರ ಮಾತನ್ನು ಕೇಳುವುದು ಹೇಗೆ, ತೂಗುವುದು ಹೇಗೆ

ಮನೆಮಂದಿಗೆಲ್ಲ ಆಗುವಂಥ ಕಾರು ಕೊಳ್ಳಬೇಕೆಂದು ಹೊರಟವರು ಮೊದಲು ಮಾಡುವ ಕೆಲಸವೆಂದರೆ, ಅದೇ ಕಾರನ್ನು ಇಟ್ಟುಕೊಂಡಿರುವ ಬಂಧುಗಳನ್ನೋ ಸಹೋದ್ಯೋಗಿಗಳನ್ನೋ ಕೇಳುವುದು. ಉತ್ತರಗಳೂ ಸಿದ್ಧವಾಗಿರುತ್ತವೆ: "ಬೆಣ್ಣೆ ಹಾಗೆ ಓಡುತ್ತದೆ", "ರೋಡ್ ಗ್ರಿಪ್ ಚೆನ್ನಾಗಿದೆ", "ಹಿಂದೆ ಸ್ವಲ್ಪ ಎತ್ತಿಹಾಕುತ್ತದೆ". ಹೀಗೆ ಹೇಳುವವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಆದರೆ ಅವರು ಯಾವ ಸೀಟಿನಲ್ಲಿ ಕುಳಿತು, ಎಷ್ಟು ಜನರನ್ನು ಕೂರಿಸಿಕೊಂಡು, ಯಾವ ರಸ್ತೆಯಲ್ಲಿ, ಎಂಥ ಟೈರಿನ ಮೇಲೆ ಓಡಿಸಿ ಆ ಮಾತನ್ನು ಹೇಳುತ್ತಿದ್ದಾರೆ ಎಂಬುದು ನಮಗೆ ಗೊತ್ತಾಗದಿದ್ದರೆ, ಆ ಮಾತಿನಿಂದ ನಮಗೆ ಹೆಚ್ಚು ಉಪಯೋಗವಿಲ್ಲ. ಕಾರಿನ ಓಟ ಮತ್ತು ಸುಖದ ವಿಷಯದಲ್ಲಿ ಮಾಲೀಕರಿಂದ ತೀರ್ಪನ್ನು ಕೇಳಬಾರದು, ಸಂದರ್ಭವನ್ನು ಕೇಳಬೇಕು.

ಇದನ್ನು ನಾನು ಚಾರ್ಮಾಡಿ ಘಾಟಿಯಲ್ಲಿ ಕಲಿತೆ. ಹಿಂದೆ ನಾವು ಒಂದು ಏಳು ಸೀಟಿನ ಕಾರನ್ನು ಕೊಂಡದ್ದು ಮುಖ್ಯವಾಗಿ ನನ್ನ ಸಹೋದ್ಯೋಗಿಯೊಬ್ಬರ ಮಾತಿನ ಮೇಲೆ. ಅವರು ಎರಡು ವರ್ಷ ಅದೇ ಕಾರನ್ನು ಓಡಿಸಿದ್ದರು, ಒಂದು ದಿನವೂ ಬೇಸರವಾಗಿಲ್ಲ ಎಂದಿದ್ದರು. ಕೊಂಡ ಎರಡನೆಯ ತಿಂಗಳು ಧರ್ಮಸ್ಥಳಕ್ಕೆ ಹೊರಟೆವು. ಐವರು ದೊಡ್ಡವರು, ಇಬ್ಬರು ಮಕ್ಕಳು, ಹಿಂದೆ ಬ್ಯಾಗುಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದೆವು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅಮ್ಮ ಮುಂದಿನ ಸೀಟಿನ ಹೆಡ್‌ರೆಸ್ಟನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು. ಅವರ ಮೊಣಕಾಲು ಹೊಟ್ಟೆಯ ಮಟ್ಟಕ್ಕೆ ಬಂದಿತ್ತು, ತೊಡೆಗೂ ಸೀಟಿಗೂ ನಡುವೆ ಅಂಗೈ ತೂರುವಷ್ಟು ಸಂದು. ಎರಡು ತಿರುವು ದಾಟುವಷ್ಟರಲ್ಲಿ "ಒಂದ್ ನಿಮಿಷ ನಿಲ್ಸು ಮಗಾ" ಎಂದರು. ಊರಿಗೆ ಮರಳಿದ ಮೇಲೆ ಸಹೋದ್ಯೋಗಿಯನ್ನು ವಿಚಾರಿಸಿದಾಗ ತಿಳಿದದ್ದೇನೆಂದರೆ, ಅವರ ಮನೆಯಲ್ಲಿ ಇರುವವರು ಇಬ್ಬರೇ. ಮೂರನೆಯ ಸಾಲನ್ನು ಅವರು ಮಡಚಿಯೇ ಇಟ್ಟಿದ್ದರು. ಓಡಾಟವೆಲ್ಲ ಬೆಂಗಳೂರು ಮತ್ತು ಮೈಸೂರಿನ ನಡುವೆ. ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಕೇಳಬೇಕಾದುದನ್ನು ನಾನು ಕೇಳಿರಲಿಲ್ಲ.

ಆದ್ದರಿಂದ ಯಾರನ್ನು ಕೇಳಿದರೂ ಮೊದಲು ತಿಳಿಯಬೇಕಾದುದು, ಕಾರು ತುಂಬಿದ್ದಾಗ ಎಷ್ಟು ಸಲ ಓಡಿದೆ ಎಂಬುದು. ಏಳು ಜನ ಮತ್ತು ಸಾಮಾನಿನ ತೂಕವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ದೊಡ್ಡವರು ಐವರು ತಲಾ 60 ಕಿಲೋ, ಮಕ್ಕಳಿಬ್ಬರು ತಲಾ 25 ಕಿಲೋ, ಬ್ಯಾಗುಗಳು 50 ಕಿಲೋ ಎಂದುಕೊಂಡರೆ 400 ಕಿಲೋ ಆಯಿತು. ಮಾರುತಿ ಎರ್ಟಿಗಾದ ಪೆಟ್ರೋಲ್ ಗಾಡಿಯ ತೂಕ ಸುಮಾರು 1,150ರಿಂದ 1,200 ಕಿಲೋ. ಅಂದರೆ ತನ್ನ ತೂಕದ ಮೂರನೆಯ ಒಂದು ಭಾಗವನ್ನು ಅದು ಹೆಚ್ಚಾಗಿ ಹೊರಬೇಕು. ಒಬ್ಬರೇ ಕುಳಿತು ಆಫೀಸಿಗೆ ಹೋಗಿಬರುವಾಗಿನ ಕಾರು ಮತ್ತು ಮನೆಮಂದಿಯನ್ನೆಲ್ಲ ಹೊತ್ತ ಅದೇ ಕಾರು ನಡತೆಯಲ್ಲಿ ಬೇರೆ ಬೇರೆ. ತುಂಬಿದಾಗ ಹಿಂಭಾಗ ಕುಗ್ಗುತ್ತದೆ, ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕಾಗುತ್ತದೆ, ಹಂಪ್‌ಗಳಲ್ಲಿ ಅಡಿ ತಾಗುವ ಸಂಭವ ಹೆಚ್ಚುತ್ತದೆ, ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುವಷ್ಟು ಮೇಲಕ್ಕೇರುತ್ತದೆ. ಬಹುತೇಕ ಕಾರುಗಳಲ್ಲಿ ಸ್ಟೀರಿಂಗಿನ ಬಳಿ ಈ ಬೆಳಕನ್ನು ಇಳಿಸುವ ಒಂದು ಚಿಕ್ಕ ತಿರುಗಣೆ ಇರುತ್ತದೆ. ವರ್ಷಗಟ್ಟಲೆ ಓಡಿಸಿದವರಿಗೂ ಅದರ ಉಪಯೋಗ ಗೊತ್ತಿರುವುದಿಲ್ಲ. ಅದನ್ನು ಬಳಸುವ ಮಾಲೀಕರು ಸಿಕ್ಕರೆ, ತುಂಬಿದ ಗಾಡಿಯನ್ನು ರಾತ್ರಿ ಹೊತ್ತು ಓಡಿಸಿ ಅನುಭವವಿರುವವರು ಅವರು ಎಂದು ತಿಳಿದು, ಅವರ ಮಾತಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಬಹುದು.

ಇದೇ ಕಾರಣಕ್ಕೆ ಒಂದೇ ಗಾಡಿಯ ಬಗ್ಗೆ ಇಬ್ಬರು ಮಾಲೀಕರು ತದ್ವಿರುದ್ಧ ಮಾತಾಡುತ್ತಾರೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಇನ್ನೋವಾವನ್ನು ತೆಗೆದುಕೊಳ್ಳಿ. 2005ರಲ್ಲಿ ಬಂದ ಮೊದಲ ಇನ್ನೋವಾ ಮತ್ತು 2016ರ ಕ್ರಿಸ್ಟಾ ಎರಡೂ ಏಣಿಯಾಕಾರದ ಚಾಸಿಯ (ಗಾಡಿಯ ತಳದ ಉಕ್ಕಿನ ಚೌಕಟ್ಟಿನ) ಮೇಲೆ ಕಟ್ಟಿದ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿಗಳು. ಹಿಂದೆ ಕಾಯಿಲ್ ಸ್ಪ್ರಿಂಗು, ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿಯಾದ ಒಂದೇ ಆಕ್ಸೆಲ್. ಭಾರ ಹೊರಲೆಂದೇ ಬಿಗಿಯಾಗಿಸಿದ ಆ ಸ್ಪ್ರಿಂಗುಗಳು ಗಾಡಿ ಖಾಲಿಯಿದ್ದಾಗ, ಕಡಿಮೆ ವೇಗದಲ್ಲಿ, ಸಣ್ಣಪುಟ್ಟ ಗುಂಡಿಗಳಲ್ಲಿ ಕುಲುಕುತ್ತವೆ. ಆರೇಳು ಜನ ಕುಳಿತು 80ರ ವೇಗದಲ್ಲಿ ಹೋಗುವಾಗ ಅದೇ ಗಾಡಿ ರಸ್ತೆಗೆ ಅಂಟಿಕೊಂಡಂತೆ ಹೋಗುತ್ತದೆ. ಬೆಂಗಳೂರಿನೊಳಗೆ ಒಬ್ಬರೇ ಓಡಿಸುವ ಮಾಲೀಕರು "ಕುಲುಕುತ್ತದೆ, ಸ್ಟೀರಿಂಗ್ ಭಾರ" ಎನ್ನುವುದೂ, ಹುಬ್ಬಳ್ಳಿಯಿಂದ ತಿರುಪತಿಗೆ ಸಂಸಾರ ಸಮೇತ ಹೋಗಿಬಂದವರು "ಮೈಕೈ ನೋವಿಲ್ಲ" ಎನ್ನುವುದೂ ಒಂದೇ ಗಾಡಿಯ ಕುರಿತ ಎರಡು ಸತ್ಯಗಳು. 2022ರ ಕೊನೆಯಲ್ಲಿ ಬಂದ ಹೈಕ್ರಾಸ್ ಹೆಸರಿನಲ್ಲಿ ಇನ್ನೋವಾ ಆದರೂ ಕಟ್ಟಿದ ರೀತಿಯಲ್ಲಿ ಬೇರೆಯೇ: ಚಾಸಿ ಮತ್ತು ಬಾಡಿ ಒಂದಾದ ರಚನೆ, ಮುಂದಿನ ಚಕ್ರಗಳ ಎಳೆತ, ಹಗುರವಾದ ಸ್ಟೀರಿಂಗು. ಆದುದರಿಂದ "ನಮ್ಮಲ್ಲಿ ಇನ್ನೋವಾ ಇದೆ" ಎಂದು ಯಾರಾದರೂ ಹೇಳಿದರೆ ಯಾವ ಇನ್ನೋವಾ ಎಂದು ಕೇಳದೆ ಮುಂದಿನ ಮಾತಿಗೆ ಹೋಗಬೇಡಿ.

ಮಾದರಿ ಒಂದೇ ಆಗಿದ್ದರೂ ಟೈರು ಬೇರೆಯಾದರೆ ಅನುಭವ ಬದಲಾಗುತ್ತದೆ. ಹೈಕ್ರಾಸ್‌ನ ಕೆಳಗಿನ ವೇರಿಯಂಟುಗಳಿಗೆ 205/65 ಆರ್16 ಟೈರು ಬಂದರೆ, ಮೇಲಿನ ವೇರಿಯಂಟಿಗೆ 225/50 ಆರ್18 ಬರುತ್ತದೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಟೈರಿನ ಪಕ್ಕದ ಗೋಡೆಯ ಎತ್ತರ ಎಂಬುದು. ಆರ್ ನಂತರದ್ದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ರಿಮ್‌ಗೂ ರಸ್ತೆಗೂ ನಡುವೆ ಸುಮಾರು 133 ಮಿಲಿಮೀಟರ್ ರಬ್ಬರು ಮತ್ತು ಗಾಳಿ ಇರುತ್ತದೆ, ಎರಡನೆಯದರಲ್ಲಿ ಸುಮಾರು 112. ಎರಡು ಸೆಂಟಿಮೀಟರಿನ ಈ ವ್ಯತ್ಯಾಸ ತಿರುವುಗಳಲ್ಲಿ ದೊಡ್ಡ ಚಕ್ರಕ್ಕೆ ಬಿಗಿಯನ್ನು ಕೊಡುತ್ತದೆ, ಕಿತ್ತುಹೋದ ಡಾಂಬರಿನ ಮೇಲೆ ಅದೇ ಚಕ್ರದಿಂದ ಪ್ರತಿ ಅಂಚನ್ನೂ ಸೊಂಟಕ್ಕೆ ಮುಟ್ಟಿಸುತ್ತದೆ. ಹೆಚ್ಚು ದುಡ್ಡು ಕೊಟ್ಟು ಮೇಲಿನ ವೇರಿಯಂಟ್ ತೆಗೆದುಕೊಂಡರೆ ಸುಖವೂ ಹೆಚ್ಚು ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಹಳ್ಳಿ ರಸ್ತೆಯಲ್ಲಿ ಹೆಚ್ಚು ಓಡಾಡುವವರಿಗೆ ನಾನು ಚಿಕ್ಕ ಚಕ್ರದ ವೇರಿಯಂಟನ್ನೇ ಸೂಚಿಸುತ್ತೇನೆ. ಅಂಗಡಿಯಲ್ಲಿ ದೊಡ್ಡ ಅಲಾಯ್ ಚಕ್ರ ಹಾಕಿಸಿಕೊಂಡ ಮಾಲೀಕರ ಅಭಿಪ್ರಾಯವನ್ನು ಕಂಪನಿಯ ಗಾಡಿಯ ಅಭಿಪ್ರಾಯವೆಂದು ಪರಿಗಣಿಸಬಾರದು. ಕೆಲವರು ಹಿಂಭಾಗ ಕುಗ್ಗದಿರಲೆಂದು ಸ್ಪ್ರಿಂಗುಗಳ ನಡುವೆ ರಬ್ಬರ್ ಬಫರ್ ಸೇರಿಸಿರುತ್ತಾರೆ. ಅದನ್ನೂ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಖಾಲಿ ಗಾಡಿ ಅದರಿಂದ ಇನ್ನಷ್ಟು ಎತ್ತಿಹಾಕುತ್ತದೆ.

ಮಾಲೀಕರು ಇದಕ್ಕೆ ಮೊದಲು ಓಡಿಸುತ್ತಿದ್ದ ಕಾರು ಯಾವುದೆಂದು ಕೇಳುವುದನ್ನು ಮರೆಯಬೇಡಿ. ಚಿಕ್ಕ ಹ್ಯಾಚ್‌ಬ್ಯಾಕಿನಿಂದ ಬಂದವರಿಗೆ ಯಾವ ದೊಡ್ಡ ಗಾಡಿಯೂ ಅರಮನೆ. ಸೆಡಾನಿನಿಂದ ಬಂದವರಿಗೆ ಎತ್ತರದ ಗಾಡಿ ತಿರುವಿನಲ್ಲಿ ವಾಲುವುದೇ ದೊಡ್ಡ ದೋಷ. ಕೊಂಡು ಒಂದೆರಡು ತಿಂಗಳಾದವರು ಗಾಡಿಯನ್ನು ಇನ್ನೂ ಮುದ್ದಿಸುತ್ತಿರುತ್ತಾರೆ. ಮಾರಲು ಹೊರಟವರ ಮಾತಿನ ಹಿಂದೆ ಬೆಲೆಯ ಲೆಕ್ಕವಿರುತ್ತದೆ. ನನ್ನ ಅನುಭವದಲ್ಲಿ 30,000 ಕಿಲೋಮೀಟರಿನ ಆಚೆಗೆ ಓಡಿಸಿ, ಒಮ್ಮೆಯಾದರೂ ಟೈರು ಬದಲಿಸಿದವರ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ಓಡಿಸುವವರನ್ನಷ್ಟೇ ಕೇಳಿ ಸುಮ್ಮನಾಗಬಾರದು. ನಮ್ಮ ಮನೆಗಳಲ್ಲಿ ಕಾರಿನ ಬಗ್ಗೆ ಮಾತಾಡುವುದು ಸಾಮಾನ್ಯವಾಗಿ ಸ್ಟೀರಿಂಗ್ ಹಿಡಿಯುವವರೇ, ಮತ್ತು ಇಡೀ ಗಾಡಿಯಲ್ಲಿ ಅತ್ಯಂತ ಸುಖವಾದ ಸೀಟು ಅವರದೇ. ಹಿಡಿಯಲು ಅವರಿಗೆ ಸ್ಟೀರಿಂಗ್ ಇದೆ, ಮುಂದಿನ ತಿರುವು ಕಣ್ಣಿಗೆ ಕಾಣುತ್ತದೆ, ಮೈ ಮೊದಲೇ ಸಿದ್ಧವಾಗುತ್ತದೆ. ಮೂರನೆಯ ಸಾಲಿನವರು ಹಿಂದಿನ ಚಕ್ರಗಳ ಮೇಲೆಯೇ ಕುಳಿತಿರುತ್ತಾರೆ, ಆದ್ದರಿಂದ ಪ್ರತಿ ಏಟೂ ನೇರವಾಗಿ ಬೆನ್ನುಹುರಿಗೆ ಬರುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ ಮೈ ಹೊರಳುತ್ತಿದೆ ಎನ್ನುತ್ತಿರುವಾಗ ಕಣ್ಣಿಗೆ ಮುಂದಿನ ಸೀಟಿನ ಬೆನ್ನಷ್ಟೇ ಕಾಣುತ್ತಿದ್ದರೆ ಹೊಟ್ಟೆ ತೊಳಸುವುದು ಸಹಜ. ಹಾಗಾಗಿ ಪರಿಚಯವಿರುವ ಮನೆಯಾದರೆ ಅಲ್ಲಿನ ಅಜ್ಜಿಯನ್ನೋ ಅತ್ತೆಯನ್ನೋ ಮಾತಾಡಿಸಿ: "ನೀವು ಎಲ್ಲಿ ಕೂರ್ತೀರಮ್ಮ? ದೂರ ಹೋದಾಗ ಎಷ್ಟು ಹೊತ್ತಿಗೊಮ್ಮೆ ಇಳೀಬೇಕು ಅನ್ಸುತ್ತೆ? ಹತ್ತೋಕೆ ಕಷ್ಟ ಆಗಲ್ವಾ?" ಈ ಮೂರು ಪ್ರಶ್ನೆಗೆ ಬರುವ ಉತ್ತರದಲ್ಲಿ ಬ್ರೋಷರಿನ ಯಾವ ಪುಟದಲ್ಲೂ ಇಲ್ಲದ ವಿಷಯಗಳಿರುತ್ತವೆ. ಒಮ್ಮೆ ನಾನು ಕೇಳಿದಾಗ ಒಬ್ಬ ಅಜ್ಜಿ, ಎಸಿಯ ಗಾಳಿ ತಮ್ಮ ಸಾಲಿನವರೆಗೆ ಬರುತ್ತದೆ ನಿಜ, ಆದರೆ ಕಿಟಕಿ ಇಳಿಸಲು ಆಗುವುದಿಲ್ಲವಲ್ಲ ಎಂದರು. ಮೂರನೆಯ ಸಾಲಿನ ಗಾಜು ಇಳಿಯುವುದಿಲ್ಲವೆಂಬುದನ್ನು ನಾನು ಅದುವರೆಗೆ ಒಂದು ಕೊರತೆಯೆಂದು ಯೋಚಿಸಿಯೇ ಇರಲಿಲ್ಲ.

ಇನ್ನೊಂದು ಒಳ್ಳೆಯ ಮೂಲ ಟ್ಯಾಕ್ಸಿ ಚಾಲಕರು. ಇನ್ನೋವಾ ಮತ್ತು ಎರ್ಟಿಗಾ ಎರಡೂ ಹಳದಿ ಬೋರ್ಡಿನಲ್ಲಿ ಧಾರಾಳವಾಗಿ ಓಡುತ್ತವೆ, ಮತ್ತು ಅವುಗಳ ಚಾಲಕರು ನಾವು ಹತ್ತು ವರ್ಷದಲ್ಲಿ ಓಡಿಸುವಷ್ಟನ್ನು ಎರಡು ವರ್ಷದಲ್ಲಿ ಓಡಿಸಿರುತ್ತಾರೆ. ಮೈಲೇಜಿನ ಮಾತು ತಾನಾಗಿಯೇ ಬರುತ್ತದೆ. ನೀವು ಕೇಳಬೇಕಾದುದು ಶಾಕ್ ಅಬ್ಸಾರ್ಬರುಗಳನ್ನು ಎಷ್ಟು ಕಿಲೋಮೀಟರಿಗೆ ಬದಲಿಸಿದಿರಿ, ಫುಲ್ ಲೋಡಿನಲ್ಲಿ ಘಾಟಿ ಹತ್ತುವಾಗ ಯಾವ ಗೇರಿನಲ್ಲಿ ಹೋಗುತ್ತೀರಿ, ವಾಂತಿ ಮಾಡಿಕೊಳ್ಳುವವರು ಹೆಚ್ಚಾಗಿ ಯಾವ ಸೀಟಿನವರು ಎಂಬುದನ್ನು. ಗೇರಿನ ಪ್ರಶ್ನೆಗೆ ಕಾರಣವಿದೆ. ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಎಂಜಿನ್ ಮ್ಯಾನುಯಲ್ ಗೇರಿನ ಗಾಡಿಯಲ್ಲಿ 343 ನ್ಯೂಟನ್ ಮೀಟರ್ ಎಳೆತವನ್ನು (ಟಾರ್ಕ್) ನಿಮಿಷಕ್ಕೆ 1,400 ಸುತ್ತಿನಿಂದಲೇ ಕೊಡುತ್ತದೆ, ಎರ್ಟಿಗಾದ 1.5 ಲೀಟರ್ ಪೆಟ್ರೋಲ್ ಎಂಜಿನ್ ಸುಮಾರು 137 ನ್ಯೂಟನ್ ಮೀಟರನ್ನು 4,400 ಸುತ್ತಿನ ಬಳಿ ಕೊಡುತ್ತದೆ. ಎರಡನೆಯದು ಘಾಟಿ ಹತ್ತುವುದಿಲ್ಲವೆಂದಲ್ಲ, ಹತ್ತಲು ಮತ್ತೆ ಮತ್ತೆ ಗೇರ್ ಇಳಿಸಿ ಎಂಜಿನ್ನನ್ನು ಕೂಗಿಸಬೇಕಾಗುತ್ತದೆ, ಆ ಎಳೆದಾಟ ಹಿಂದೆ ಕುಳಿತವರ ಕತ್ತಿಗೆ ಗೊತ್ತಾಗುತ್ತದೆ. ಪೇಟೆಯೊಳಗಿನ ಕಥೆ ಬೇರೆ. ಅಲ್ಲಿ ಹಗುರವಾದ ಸ್ಟೀರಿಂಗು ಮತ್ತು 5.2 ಮೀಟರಿನ ತಿರುಗು ತ್ರಿಜ್ಯದಿಂದ ಎರ್ಟಿಗಾ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲೂ ಸಲೀಸಾಗಿ ತಿರುಗುತ್ತದೆ.

ಕೇಳಿದ್ದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲು ಹೋಗದೆ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಬ್ಬೊಬ್ಬ ಮಾಲೀಕರಿಗೆ ಒಂದೊಂದು ಸಾಲು ಸಾಕು: ಎಷ್ಟು ಜನ, ಯಾವ ರಸ್ತೆ, ಯಾವ ಸೀಟಿನವರ ಮಾತು, ಟೈರಿನ ಅಳತೆ, ಹಿಂದಿನ ಕಾರು. ಏಳೆಂಟು ಸಾಲಾಗುವಷ್ಟರಲ್ಲಿ ಯಾರ ಪರಿಸ್ಥಿತಿ ನಿಮ್ಮ ಮನೆಯದಕ್ಕೆ ಹತ್ತಿರವಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಂಥ ಇಬ್ಬರು ಸಿಕ್ಕರೂ ಸಾಕು, ಉಳಿದ ಹತ್ತು ಜನರ ಹೊಗಳಿಕೆಯನ್ನು ಬದಿಗಿಡಬಹುದು.

ಇಷ್ಟಾದ ಮೇಲೆ ಟೆಸ್ಟ್ ಡ್ರೈವ್. ಶೋರೂಮಿನವರು ನಾಲ್ಕೈದು ಕಿಲೋಮೀಟರಿನ ಒಳ್ಳೆಯ ರಸ್ತೆಯೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ನಯವಾಗಿಯೇ ನಿಮ್ಮ ರಸ್ತೆಯನ್ನು ನೀವು ಸೂಚಿಸಿ, ಮನೆಯವರೆಲ್ಲರನ್ನೂ ಕರೆದುಕೊಂಡು ಹೋಗಿ. ಹೊರಡುವ ಮೊದಲು ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಟೈರಿನ ಗಾಳಿಯ ಒತ್ತಡ ಎಷ್ಟಿರಬೇಕೆಂದು ನೋಡಿ, ಅಷ್ಟೇ ಇದೆಯೇ ಎಂದು ಪರೀಕ್ಷಿಸಲು ಹೇಳಿ. ಅಗತ್ಯಕ್ಕಿಂತ ಐದಾರು ಪಿಎಸ್‌ಐ ಹೆಚ್ಚಿದ್ದರೆ ಯಾವ ಒಳ್ಳೆಯ ಸಸ್ಪೆನ್ಷನ್ನೂ ಒರಟಾಗಿ ತೋರುತ್ತದೆ, ಕಡಿಮೆಯಿದ್ದರೆ ಸ್ಟೀರಿಂಗ್ ಜಡವಾಗಿ ತಿರುವಿನಲ್ಲಿ ಗಾಡಿ ಹೊರಳಿದಂತಾಗುತ್ತದೆ. ಈ ಒಂದು ಸಣ್ಣ ಕೆಲಸವನ್ನು ಮಾಡದೆ ತಪ್ಪು ತೀರ್ಮಾನಕ್ಕೆ ಬಂದವರನ್ನು ನಾನು ಬಹಳ ನೋಡಿದ್ದೇನೆ.

ಮೊದಲ ಸುತ್ತಿನಲ್ಲಿ ನೀವು ಓಡಿಸಬೇಡಿ. ನಡುವಿನ ಸಾಲಿನಲ್ಲಿ ಕುಳಿತುಕೊಳ್ಳಿ, ಆಮೇಲೆ ಮೂರನೆಯ ಸಾಲಿಗೆ ಹೋಗಿ. ಹತ್ತುವಾಗ ಮನೆಯ ಹಿರಿಯರು ಯಾವ ಕಾಲನ್ನು ಮೊದಲು ಇಡುತ್ತಾರೆ, ಕೈಗೆ ಹಿಡಿ ಸಿಗುತ್ತದೆಯೇ, ಸೀರೆಯ ನೆರಿಗೆ ಮೆಟ್ಟಿಕೊಳ್ಳುವಷ್ಟು ಎತ್ತರಕ್ಕೆ ಕಾಲೆತ್ತಬೇಕೇ ಎಂದು ಗಮನಿಸಿ. ಕುಳಿತ ಮೇಲೆ ತೊಡೆಯ ಕೆಳಗೆ ಅಂಗೈ ತೂರಿಸಿ ನೋಡುವ ಪರೀಕ್ಷೆಯನ್ನು ನಾನು ಈಗ ತಪ್ಪಿಸುವುದಿಲ್ಲ. ಮೊಣಕಾಲಿನ ಹತ್ತಿರ ಸಂದು ದೊಡ್ಡದಾಗಿದ್ದರೆ ಮೈಯ ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ. ಹತ್ತು ನಿಮಿಷ ಏನೂ ಅನ್ನಿಸದು, ಒಂದು ಗಂಟೆಯ ಮೇಲೆ ಸೊಂಟ ಹಿಡಿಯುತ್ತದೆ.

ನೀವು ಓಡಿಸುವಾಗ ಮೊದಲು ಕೆಟ್ಟ ರಸ್ತೆಯಲ್ಲಿ 20ರಿಂದ 30ರ ವೇಗದಲ್ಲಿ ಹೋಗಿ, ಎಫ್‌ಎಂ ಆರಿಸಿ, ಎಸಿಯನ್ನೂ ತಗ್ಗಿಸಿ. ನಂತರ ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಗಳಲ್ಲಿರುವವು ಹೇಗಿರುತ್ತವೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ನಿಮ್ಮ ಮನೆ ಹತ್ತಿರದ ಅತ್ಯಂತ ಕೆಟ್ಟ ಹಂಪನ್ನೇ ಆರಿಸಿಕೊಳ್ಳಿ. 15ರ ವೇಗದಲ್ಲಿ ದಾಟಿದ ಮೇಲೆ ಗಾಡಿಯ ಹಿಂಭಾಗ ಒಮ್ಮೆ ಕುಗ್ಗಿ ಎದ್ದು ನಿಲ್ಲಬೇಕು. ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಕುಣಿತವನ್ನು ತಡೆಯುವ ಶಕ್ತಿ, ಸಾಲದು. ಹಳೆಯ ಗಾಡಿಯಾದರೆ ಶಾಕ್ ಅಬ್ಸಾರ್ಬರುಗಳು ಸೋತಿವೆ. ತಿರುಗುವಾಗ ಕೆಳಗಿನಿಂದ ಟಕ್ ಟಕ್ ಸದ್ದು ಬಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡು, ರಬ್ಬರ್ ಬುಷ್‌ಗಳನ್ನು ನೋಡಿಸಬೇಕು. ಸ್ಟೀರಿಂಗ್ ಬಿಗಿ ಸಡಿಲಿಸಿದಾಗ ಗಾಡಿ ಒಂದು ಕಡೆಗೆ ಎಳೆದರೆ ಅದು ಅಲೈನ್‌ಮೆಂಟ್ ಅಥವಾ ಗಾಳಿಯ ದೋಷ, 80ರ ಸುಮಾರಿಗೆ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗಿನದು. ಇವೆರಡನ್ನೂ ಸರಿಪಡಿಸಬಹುದು, ಗಾಡಿಯ ಗುಣವೆಂದು ತಿಳಿಯಬೇಡಿ.

ತಿರುವಿನ ಪರೀಕ್ಷೆಗೆ ವೇಗ ಬೇಕಿಲ್ಲ. ಖಾಲಿ ರಸ್ತೆಯಲ್ಲಿ 40ರಲ್ಲಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೆಲ್ಲನೆ ಹೊರಳಿಸಿದಾಗ ಹಿಂದೆ ಕುಳಿತವರ ತಲೆ ಗಾಡಿಯ ಜೊತೆಗೇ ಹೊರಳುತ್ತದೆಯೋ, ಒಂದು ಕ್ಷಣ ತಡವಾಗಿ ಹೊರಳುತ್ತದೆಯೋ ಎಂಬುದನ್ನು ನಡುವಿನ ಕನ್ನಡಿಯಲ್ಲಿ ನೋಡಿ. ತಡವಾಗಿ ಹೊರಳಿ ಮತ್ತೆ ಹಿಂದಕ್ಕೆ ತೂಗುವ ಗಾಡಿ ಘಾಟಿಯಲ್ಲಿ ಹೊಟ್ಟೆ ಕೆಡಿಸುವ ಗಾಡಿ. ಎತ್ತರದ ಎಲ್ಲ ಗಾಡಿಗಳೂ ಸ್ವಲ್ಪ ವಾಲುತ್ತವೆ, ಅದು ದೋಷವಲ್ಲ. ವಾಲುವಿಕೆ ಒಂದೇ ಹದದಲ್ಲಿ ಬಂದು ಒಂದೇ ಹದದಲ್ಲಿ ಹೋಗಬೇಕು. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಮನೆಮಂದಿಯನ್ನು ಕೂರಿಸಿಕೊಂಡು ಇಳಿಸಿದವರಿಗೆ ಈ ಮಾತಿನ ಅರ್ಥ ಕೂಡಲೇ ಆಗುತ್ತದೆ.

ಆದರೂ ಅರ್ಧ ಗಂಟೆಯ ಓಟದಲ್ಲಿ ಸೀಟಿನ ನಿಜಗುಣ ತಿಳಿಯುವುದಿಲ್ಲ. ಆದಕಾರಣ ನೀವು ಮೆಚ್ಚಿದ ಮಾದರಿಯನ್ನೇ ಒಂದು ದಿನಕ್ಕೆ ಬಾಡಿಗೆಗೆ ಗೊತ್ತುಮಾಡಿ, ಹೇಗೂ ಹೋಗಬೇಕಾಗಿದ್ದ ಮದುವೆಗೋ ದೇವಸ್ಥಾನಕ್ಕೋ ಹೋಗಿಬನ್ನಿ. ಸಾಧ್ಯವಾದರೆ ಹೋಗುವಾಗ ಹೆದ್ದಾರಿ, ಬರುವಾಗ ಒಳರಸ್ತೆ ಹಿಡಿಯಿರಿ. ಬಾಡಿಗೆ ಗಾಡಿ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು, ನಿಮ್ಮ ಗಾಡಿ ನಾಲ್ಕು ವರ್ಷದ ನಂತರ ಹೇಗಿರುತ್ತದೆಂಬ ಅಂದಾಜು ಸಿಗುತ್ತದೆ. ಲಕ್ಷಾಂತರ ರೂಪಾಯಿಯ ವ್ಯವಹಾರದಲ್ಲಿ ಈ ಕೆಲವು ಸಾವಿರದ ಖರ್ಚನ್ನು ಉಳಿಸಲು ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬರುವಾಗ ಎರಡು ಗಂಟೆಗೊಮ್ಮೆ ಸೀಟು ಬದಲಾಯಿಸಿಕೊಳ್ಳಿ, ಮರುದಿನ ಬೆಳಿಗ್ಗೆ ಪ್ರತಿಯೊಬ್ಬರನ್ನೂ ಕೇಳಿ. ದೇಹದ ನೋವು ಮರುದಿನವೇ ಸರಿಯಾಗಿ ಹೇಳುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕೆಗಳನ್ನು ಓದಲು ಕಲಿಯಿರಿ: 2322 ಎಂದಿದ್ದರೆ 2022ರ 23ನೆಯ ವಾರದಲ್ಲಿ ತಯಾರಾದದ್ದು. ಬಹಳ ಹಳೆಯದಾಗಿ ಗಟ್ಟಿಯಾದ ಟೈರಿನ ಮೇಲೆ ಮಾಡಿದ ಟೆಸ್ಟ್ ಡ್ರೈವಿನಿಂದ ಗಾಡಿಯನ್ನು ತಿರಸ್ಕರಿಸುವುದೂ ತಪ್ಪು, ಒಪ್ಪಿಕೊಂಡು ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಸೇರಿಸದಿರುವುದೂ ತಪ್ಪು. ಹೊಸ ಗಾಡಿಯಾದರೆ ಡೆಲಿವರಿಯ ದಿನವೇ ಗಾಳಿಯನ್ನು ಪರೀಕ್ಷಿಸಿಕೊಳ್ಳಿ; ಬಹುದಿನ ನಿಂತೇ ಇರುವ ಗಾಡಿಗಳಿಗೆ ಹೆಚ್ಚಿಗೆ ತುಂಬಿರುವುದುಂಟು. ಮನೆಮಂದಿಯೆಲ್ಲ ಹೊರಟ ದಿನ ಬಾಗಿಲಿನ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಬರೆದಿರುವ ಒತ್ತಡಕ್ಕೆ ಏರಿಸಿ, ಮರಳಿ ಬಂದ ಮೇಲೆ ಇಳಿಸಿ. ನಮ್ಮ ಮನೆಯಲ್ಲಿ ಈಗ ಅಮ್ಮ ನಡುವಿನ ಸಾಲಿನ ಎಡಗಡೆ ಕೂರುತ್ತಾರೆ, ಮೂರನೆಯ ಸಾಲು ಮಕ್ಕಳದು, ಭಾರದ ಬ್ಯಾಗುಗಳು ಆದಷ್ಟು ಮುಂದಕ್ಕೆ, ಸೀಟುಗಳ ನಡುವಿನ ನೆಲದಲ್ಲಿ. ಕಳೆದ ಸಲ ಚಾರ್ಮಾಡಿ ಇಳಿಯುವಾಗ ಅಮ್ಮ ನಿಲ್ಲಿಸು ಎಂದದ್ದು ಒಂದೇ ಸಲ, ಅದೂ ಮಂಜು ಸರಿದು ಕೆಳಗಿನ ಕಣಿವೆ ಕಾಣಿಸಿದಾಗ.